ಫಾಗಿಂಗ್ ಮಾಡಿಸಿದರೆ ಡೆಂಗ್ಯೂ ನಿಲ್ಲುತ್ತದೆಯೇ?

ಮಳೆ ಶುರುವಾದರೆ ಸಾಕು, ಪದ್ಮನಾಭನಗರದ ಬಡಾವಣೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನಮ್ಮ ರಸ್ತೆಗೂ ಹೊಗೆ ಹಾಕಿಸಿ’ ಎಂಬ ಸಂದೇಶಗಳು ಓಡಾಡುತ್ತವೆ. ಹೊಗೆಯಿಂದಲೇ ಡೆಂಗ್ಯೂ ಹೋಗುತ್ತದೆಯೇ?

ಇಲ್ಲ. ಹೊಗೆ ತಾತ್ಕಾಲಿಕ ಉಪಾಯ ಅಷ್ಟೇ.

ಹೊಗೆ ಮಾಡುವುದೇನು?

ಹೊಗೆ ತಾಗಿದ, ಹಾರಾಡುವ ಸೊಳ್ಳೆ ಮಾತ್ರ ಸಾಯುತ್ತದೆ. ನೀರಿನಲ್ಲಿರುವ ಮೊಟ್ಟೆ, ಮರಿಹುಳುಗಳಿಗೆ (ಲಾರ್ವಾ) ಏನೂ ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಹೊಸ ಸೊಳ್ಳೆಗಳು ಹಾಜರಾಗುತ್ತವೆ. ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಮಂಚದ ಕೆಳಗೆ, ಪರದೆಯ ಹಿಂದೆ ಅಡಗುತ್ತದೆ. ರಸ್ತೆಯ ಹೊಗೆ ಅಲ್ಲಿಗೆ ಮುಟ್ಟುವುದು ಕಡಿಮೆ. ಯಾರಿಗಾದರೂ ಡೆಂಗ್ಯೂ ಖಚಿತವಾದಾಗ ಆ ಮನೆಯ ಸುತ್ತಮುತ್ತ ತಕ್ಷಣ ಹೊಗೆ ಹಾಕುವುದರಲ್ಲಿ ಅರ್ಥವಿದೆ.

ರಾಜಕಾಲುವೆಯೇ ಕಾರಣವೇ?

ಕೊಳಕು ನೀರಿನಲ್ಲಿ ಹೆಚ್ಚಾಗಿ ಬೆಳೆಯುವುದು ಕ್ಯೂಲೆಕ್ಸ್ ಸೊಳ್ಳೆ; ಅದು ಕಚ್ಚುವುದು ರಾತ್ರಿ. ಈಡಿಸ್ ಕಚ್ಚುವುದು ಹಗಲು. ಅದಕ್ಕೆ ಬೇಕಾಗಿರುವುದು ನಿಂತ, ಹೆಚ್ಚುಕಡಿಮೆ ಶುದ್ಧ ನೀರು. ಕಾವೇರಿ ನೀರು ದಿನಾ ಬರುವುದಿಲ್ಲವೆಂದು ತುಂಬಿಟ್ಟ ಡ್ರಮ್ಮು, ಮುಚ್ಚಳ ಸರಿಯಿಲ್ಲದ ಸಂಪು, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಹಳೆ ಟೈರು, ಎಳನೀರು ಬುರುಡೆ ಇಷ್ಟಿದ್ದರೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಹಾಗಾಗಿಯೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಎನ್ನುವುದು. ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೆ ಉಜ್ಜಿ ತೊಳೆಯಬೇಕು.

ಹಾಗಾದರೆ ಹೆಚ್ಚಬೇಕಾದ್ದು ಏನು?

ಮನೆ ಮನೆಯ ಲಾರ್ವಾ ಸಮೀಕ್ಷೆ. 2024ರಲ್ಲಿ ಕರ್ನಾಟಕದಲ್ಲಿ 30 ಸಾವಿರಕ್ಕೂ ಹೆಚ್ಚು ಡೆಂಗ್ಯೂ ಪ್ರಕರಣಗಳು ದಾಖಲಾದವು, ಅದರಲ್ಲಿ ಬೆಂಗಳೂರಿನದು ದೊಡ್ಡ ಪಾಲು. ಅದೇ ವರ್ಷ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗಳಿಗೆ 400 ರೂ., ವಾಣಿಜ್ಯ ಕಟ್ಟಡಗಳಿಗೆ 1,000 ರೂ., ಖಾಲಿ ನಿವೇಶನ ಮತ್ತು ಕಟ್ಟಡ ಕಾಮಗಾರಿ ಜಾಗಗಳಿಗೆ 2,000 ರೂ. ದಂಡ ನಿಗದಿಯಾಯಿತು.

ಇಂಡೊನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಬಿಟ್ಟಾಗ ಡೆಂಗ್ಯೂ 77% ಕಡಿಮೆಯಾಯಿತೆಂದು 2021ರಲ್ಲಿ ವರದಿಯಾಗಿದೆ. ಅದು ನಮ್ಮ ಬೀದಿಗೆ ಬರುವವರೆಗೆ ಕಾಯಬೇಕಿಲ್ಲ. ಈಡಿಸ್ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಆಚೆಗೆ ಹಾರುವುದಿಲ್ಲ. ಎಂದರೆ ನಿಮಗೆ ಕಚ್ಚಿದ ಸೊಳ್ಳೆ ಹುಟ್ಟಿದ್ದು ನಿಮ್ಮ ಮನೆಯಲ್ಲಿ ಅಥವಾ ಅಕ್ಕಪಕ್ಕದಲ್ಲಿ. ಆಶಾ ಕಾರ್ಯಕರ್ತೆ ಡ್ರಮ್ಮು ನೋಡಲು ಬಂದರೆ ಗೇಟಿನಿಂದಲೇ ಕಳಿಸಬೇಡಿ. ಒಂದು ಮನೆ ತಪ್ಪಿದರೂ ಇಡೀ ರಸ್ತೆಗೆ ತೊಂದರೆ.

ಜ್ವರ ಬಂದರೆ?

ವೈದ್ಯರನ್ನು ಕಾಣಿ. ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿಯೇ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ ಇಳಿದ ಮೇಲೂ ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಸಾರಾಂಶ: ಹೊಗೆಯೊಂದರಿಂದಲೇ ಡೆಂಗ್ಯೂ ನಿಲ್ಲುತ್ತದೆ ಎನ್ನುವುದು ತಪ್ಪು. ಗುಂಪಿಗೆ ಏನಾದರೂ ಕಳಿಸುವುದಿದ್ದರೆ ‘ಈ ಭಾನುವಾರ ಎಲ್ಲರೂ ಡ್ರಮ್ಮು ಉಜ್ಜಿ ತೊಳೆಯೋಣ’ ಎಂದು ಕಳಿಸಿ.