ಹದಿಹರೆಯದವರಲ್ಲಿ ನಿದ್ರೆ, ಆಹಾರ ಪದ್ಧತಿ ಹಾಗೂ ಅಧಿಕ ತೂಕ

ಪೀಠಿಕೆ

10 ರಿಂದ 19 ವರ್ಷಗಳ ವಯೋಮಾನವನ್ನು ಹದಿಹರೆಯವೆಂದು ಪರಿಗಣಿಸಲಾಗಿದೆ. ಈ ವಯಸ್ಸಿನಲ್ಲಿ ತೂಕ ಹೆಚ್ಚಾದಾಗ ಪೋಷಕರು ಸಾಮಾನ್ಯವಾಗಿ ಮಕ್ಕಳ ಊಟವನ್ನು ಕಡಿಮೆ ಮಾಡಲು ಮುಂದಾಗುತ್ತಾರೆ. ಆದರೆ ಅವರು ಎಷ್ಟು ಗಂಟೆ ನಿದ್ರಿಸುತ್ತಾರೆ ಎಂಬುದನ್ನು ಗಮನಿಸುವವರು ವಿರಳ. ನಿದ್ರೆಯ ಕೊರತೆ, ಹೊತ್ತಲ್ಲದ ಹೊತ್ತಿನ ಆಹಾರ ಹಾಗೂ ಅಧಿಕ ತೂಕ ಇವು ಮೂರೂ ಪರಸ್ಪರ ಸಂಬಂಧವುಳ್ಳವು. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಎಷ್ಟು ನಿದ್ರೆ ಅವಶ್ಯಕ?

ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯು 2016ರಲ್ಲಿ ಪ್ರಕಟಿಸಿದ ಶಿಫಾರಸ್ಸಿನಂತೆ, ದಿನವೊಂದಕ್ಕೆ 6 ರಿಂದ 12 ವರ್ಷದವರಿಗೆ 9 ರಿಂದ 12 ಗಂಟೆ, 13 ರಿಂದ 18 ವರ್ಷದವರಿಗೆ 8 ರಿಂದ 10 ಗಂಟೆಗಳ ನಿದ್ರೆ ಅವಶ್ಯಕ.

ಹರೆಯಕ್ಕೆ ಬಂದ ಮಕ್ಕಳ ದೇಹದಲ್ಲಿ ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. ಆದುದರಿಂದ ಬೇಗನೆ ನಿದ್ರೆ ಬಾರದಿರುವುದನ್ನು ಹಾಗೂ ಬೆಳಿಗ್ಗೆ ಏಳಲು ಕಷ್ಟವಾಗುವುದನ್ನು ಸೋಮಾರಿತನವೆಂದು ಭಾವಿಸಬಾರದು. ಉದಾಹರಣೆಗೆ, ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಯು ರಾತ್ರಿ 11-30ಕ್ಕೆ ಮಲಗಿ ಮನೆಪಾಠಕ್ಕೆಂದು 5-00 ಗಂಟೆಗೆ ಎದ್ದಲ್ಲಿ ದೊರೆಯುವುದು ಐದೂವರೆ ಗಂಟೆ ನಿದ್ರೆ ಮಾತ್ರ. ಕನಿಷ್ಠ 8 ಗಂಟೆಯ ಲೆಕ್ಕದಲ್ಲಿ ಆರು ದಿನಗಳಿಗೆ 15 ಗಂಟೆಗಳ ಕೊರತೆಯಾಗುತ್ತದೆ. ಭಾನುವಾರದ ನಿದ್ರೆಯೊಂದರಿಂದ ಇದು ತುಂಬುವುದಿಲ್ಲ.

ನಿದ್ರೆಗೂ ಹಸಿವಿಗೂ ಇರುವ ಸಂಬಂಧ

ಗ್ರೆಲಿನ್ ಎಂಬ ಹಾರ್ಮೋನು ಹಸಿವನ್ನು ಹೆಚ್ಚಿಸುತ್ತದೆ. ಲೆಪ್ಟಿನ್ ಹೊಟ್ಟೆ ತುಂಬಿದ ಸೂಚನೆಯನ್ನು ಮಿದುಳಿಗೆ ನೀಡುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರಾದ 12 ಯುವಕರಿಗೆ ಎರಡು ರಾತ್ರಿ ತಲಾ 4 ಗಂಟೆ ಮಾತ್ರ ಮಲಗಲು ಅವಕಾಶ ನೀಡಲಾಗಿತ್ತು. 10 ಗಂಟೆ ಮಲಗಿದ ದಿನಗಳಿಗೆ ಹೋಲಿಸಿದಾಗ ಅವರಲ್ಲಿ ಲೆಪ್ಟಿನ್ ಶೇ. 18ರಷ್ಟು ಕಡಿಮೆಯಾಗಿ, ಗ್ರೆಲಿನ್ ಶೇ. 28ರಷ್ಟು ಹೆಚ್ಚಾಗಿತ್ತು. ಸಿಹಿ, ಉಪ್ಪು ಹಾಗೂ ಪಿಷ್ಟಯುಕ್ತ ತಿನಿಸುಗಳ ಬಯಕೆಯೂ ಹೆಚ್ಚಿತ್ತು. ಇದು ವಯಸ್ಕರ ಸಣ್ಣ ಅಧ್ಯಯನವಾದರೂ, ನಿದ್ರೆಗೆಟ್ಟವರು ಹೆಚ್ಚು ತಿನ್ನುವುದು ಅನಂತರದ ಅನೇಕ ಅಧ್ಯಯನಗಳಲ್ಲಿಯೂ ಕಂಡುಬಂದಿದೆ.

ತಡರಾತ್ರಿ ಚಿಪ್ಸ್, ಬಿಸ್ಕತ್ತು ತಿಂದ ಮಗುವಿಗೆ ಬೆಳಿಗ್ಗೆ ಹಸಿವಿರುವುದಿಲ್ಲ. ತಿಂಡಿ ತಪ್ಪುತ್ತದೆ, ಮಧ್ಯಾಹ್ನದ ವೇಳೆಗೆ ಕರಿದ ತಿನಿಸು, ತಂಪು ಪಾನೀಯಗಳ ಮೊರೆ ಹೋಗುತ್ತದೆ. ದಣಿವಿನಿಂದ ಆಟವೂ ಕಡಿಮೆಯಾಗುತ್ತದೆ. ತೂಕ ಬಹಳ ಹೆಚ್ಚಾದಲ್ಲಿ ಗೊರಕೆ ಹಾಗೂ ಉಸಿರಾಟದ ತಡೆಯಿಂದ ನಿದ್ರೆಯೇ ಕೆಡುತ್ತದೆ. ಅನುವಂಶೀಯತೆ, ಕೆಲವು ಕಾಯಿಲೆ ಹಾಗೂ ಔಷಧಿಗಳೂ ತೂಕ ಹೆಚ್ಚಲು ಕಾರಣವಾಗಬಹುದು.

ಅಧಿಕ ತೂಕವನ್ನು ನಿರ್ಧರಿಸುವ ಬಗೆ

ಕಿಲೋಗ್ರಾಂನಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ದೇಹ ದ್ರವ್ಯರಾಶಿ ಸೂಚ್ಯಂಕ ದೊರೆಯುತ್ತದೆ. 48 ಕಿ.ಗ್ರಾಂ ತೂಕ, 1.5 ಮೀಟರ್ ಎತ್ತರವಿದ್ದಲ್ಲಿ ಸೂಚ್ಯಂಕ 21.3. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಂತೆ ಇದು 18 ವರ್ಷದವರಿಗೆ ಸಹಜ. 12 ವರ್ಷದವರಿಗೆ ಅಧಿಕ ತೂಕ. ಆದ್ದರಿಂದ ವಯಸ್ಕರ ಅಳತೆಯನ್ನು ಮಕ್ಕಳಿಗೆ ಅನ್ವಯಿಸಬಾರದು.

ಪೋಷಕರು ಅನುಸರಿಸಬೇಕಾದ ಕ್ರಮಗಳು

1. ಒಂದು ವಾರ ಕಾಲ ಮಗು ಮಲಗುವ, ಏಳುವ ಹಾಗೂ ತಿನ್ನುವ ವೇಳೆಯನ್ನು ಬರೆದಿಡುವುದು.
2. ಏಳುವ ವೇಳೆಯಿಂದ ಕನಿಷ್ಠ 8 ಗಂಟೆ ಹಿಂದಕ್ಕೆ ಎಣಿಸಿ ನಿದ್ರಿಸುವ ವೇಳೆಯನ್ನು ನಿಗದಿಪಡಿಸುವುದು. ಬೆಳಗಿನ ಮನೆಪಾಠದಿಂದ ಇದು ಸಾಧ್ಯವಾಗದಿದ್ದಲ್ಲಿ ಮನೆಪಾಠದ ವೇಳೆಯನ್ನು ಬದಲಿಸುವುದು.
3. ಮಲಗುವ ಕೋಣೆಯಲ್ಲಿ ಮೊಬೈಲ್ ಇಡದಿರುವುದು. ಸಂಜೆಯ ನಂತರ ಕಾಫಿ, ಚಹಾ ನೀಡದಿರುವುದು.
4. ಬೆಳಗಿನ ತಿಂಡಿಯನ್ನು ತಪ್ಪಿಸದಿರುವುದು. ರಾಗಿ, ಕಾಳು, ಸೊಪ್ಪು, ಹಣ್ಣುಗಳಿರುವ ಮನೆಯ ಊಟವನ್ನು ಹೊತ್ತಿಗೆ ಸರಿಯಾಗಿ ನೀಡುವುದು.
5. ಪ್ರತಿದಿನ ಸರಾಸರಿ 60 ನಿಮಿಷ ಆಟ ಅಥವಾ ವ್ಯಾಯಾಮಕ್ಕೆ ಅವಕಾಶ ನೀಡುವುದು.
6. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವದಿರುವುದು. ತೂಕದ ಬಗ್ಗೆ ಹೀಯಾಳಿಸುವುದರಿಂದ ಮಕ್ಕಳು ಕದ್ದು ತಿನ್ನುವ ಸಂಭವವಿರುತ್ತದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಪ್ರತಿರಾತ್ರಿ ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ತರಗತಿಯಲ್ಲಿ ತೂಕಡಿಕೆ, ಕತ್ತಿನ ಚರ್ಮ ಕಪ್ಪಾಗಿ ದಪ್ಪವಾಗುವುದು, ಅತಿಯಾದ ಬಾಯಾರಿಕೆ ಅಥವಾ ಊಟವನ್ನೇ ತ್ಯಜಿಸುವುದು ಕಂಡುಬಂದಲ್ಲಿ ವಿಳಂಬ ಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ದೊರೆಯುವ ಸೇವೆಗಳು

2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿನ ಸ್ನೇಹ ಕ್ಲಿನಿಕ್‌ಗಳಲ್ಲಿ ಹದಿಹರೆಯದವರಿಗೆ ಆಪ್ತಸಮಾಲೋಚನೆ ನೀಡಲಾಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆ ನಡೆಸುತ್ತವೆ. ಕ್ಲಿನಿಕ್ ನಡೆಯುವ ದಿನ ಹಾಗೂ ವೇಳೆಯನ್ನು ಸಮೀಪದ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಿಂದ ತಿಳಿದುಕೊಳ್ಳಬಹುದು. ಭೇಟಿಯ ವೇಳೆ ಮೇಲ್ಕಂಡ ಒಂದು ವಾರದ ಬರಹವನ್ನು ಜೊತೆಯಲ್ಲಿ ತಂದಲ್ಲಿ ಸಲಹೆ ನೀಡಲು ಅನುಕೂಲವಾಗುತ್ತದೆ. ಸಾರ್ವಜನಿಕರು ಈ ಸೇವೆಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.