ತಾಳಗುಪ್ಪದಲ್ಲಿ ನಿಂತ ಹಳಿ

ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಬೀರೂರಿನಿಂದ, ಮೀಟರ್ ಗೇಜ್ ಹಳಿಯ ಮೇಲೆ. ಇಂದು ರವೀಂದ್ರನಗರದಿಂದ ಆಟೋ ಹಿಡಿದು ಬೆಳಗಿನ ಜನಶತಾಬ್ದಿಗೆ ಓಡುವ ನಾವು, ಈ ದಾರಿ ನಮ್ಮ ಪ್ರಯಾಣಕ್ಕೆಂದೇ ಹುಟ್ಟಿತು ಅಂದುಕೊಂಡಿದ್ದೇವೆ. ಆದರೆ ಮಲೆನಾಡಿನ ಹಳಿಗಳ ಕತೆಯಲ್ಲಿ ಮನುಷ್ಯರಿಗಿಂತ ಮರಕ್ಕೇ ಹೆಚ್ಚು ಜಾಗ.

ಆಗ ಬೆಂಕಿಪುರವೆನ್ನುತ್ತಿದ್ದ ಭದ್ರಾವತಿಯನ್ನೇ ನೋಡಿ. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಮೈಸೂರು ಸೀಮೆಯಲ್ಲಿ ಇರಲಿಲ್ಲ. ಹಾಗಾಗಿ ಕುಲುಮೆಗೆ ಸುತ್ತಲಿನ ಕಾಡನ್ನೇ ಇದ್ದಿಲು ಮಾಡಿ ಹಾಕಿದರು. ಸೌದೆ ಸಾಗಿಸಲು ಕಾಡಿನೊಳಗೆ ಟ್ರಾಮ್ ಹಳಿ ಹೋಯಿತು. ವಿಶ್ವೇಶ್ವರಯ್ಯನವರ ಹೆಸರು ಕಾರ್ಖಾನೆಯ ಮೇಲಿದೆ, ಇರಬೇಕಾದ್ದೇ. ಮರ ಕಡಿದವರ, ಇದ್ದಿಲು ಹೊತ್ತವರ ಹೆಸರು ಯಾವ ಫಲಕದ ಮೇಲಿದೆ?

ಶಿವಮೊಗ್ಗದಿಂದ ಮುಂದಕ್ಕೆ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪಕ್ಕೆ ಹಳಿ ಮುಟ್ಟುವಷ್ಟರಲ್ಲಿ ನಾಲ್ಕು ದಶಕಗಳೇ ಹಿಡಿದವು. ಸಾಗರದ ನಿಲ್ದಾಣಕ್ಕೆ ಬೇರೆಯದೇ ನೆನಪಿದೆ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದ್ದು ಅಲ್ಲಿಯೇ. ಭೂಸುಧಾರಣೆಯ ಚರಿತ್ರೆ ಬರೆಯುವವರು ಆ ಪ್ಲಾಟ್‌ಫಾರಂ ಮೇಲೊಮ್ಮೆ ನಿಂತು ಬರಬೇಕು. ಅರಸಾಳಿನ ಹಳೆಯ ನಿಲ್ದಾಣ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಕಾಣಿಸಿಕೊಂಡಿತು, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೂ ಆಯಿತು. ಕತೆ ಬರೆಯುವ ನಮಗೆ ಇದರಿಂದ ಸಂತೋಷವೇ. ಆದರೂ ಇಲ್ಲದ ಊರಿಗೆ ಸ್ಮಾರಕ ಸಿಕ್ಕಿತು, ಇದ್ದ ದುಡಿಮೆಗೆ ಸಿಗಲಿಲ್ಲ.

ತಾಳಗುಪ್ಪದ ದಾರಿಯಲ್ಲಿ ಕೊನೆಕೊನೆಗೆ ಓಡುತ್ತಿದ್ದುದು ರೈಲ್‌ಬಸ್ಸು. ಹೆಸರಿಗೆ ರೈಲು, ನೋಟಕ್ಕೆ ಬಸ್ಸು. ಹಳ್ಳಿಯವರಿಗೆ ಅಗ್ಗದ ಆಸರೆ. ಬ್ರಾಡ್ ಗೇಜ್ ಕೆಲಸಕ್ಕಾಗಿ ಅದು ನಿಂತಿತು. 2011ರಲ್ಲಿ ತಾಳಗುಪ್ಪಕ್ಕೆ ದೊಡ್ಡ ರೈಲು ಬಂತು. ಈಗ ಅಲ್ಲಿಂದ ಮೈಸೂರಿಗೆ ಕುವೆಂಪು ಎಕ್ಸ್‌ಪ್ರೆಸ್ ಹೊರಡುತ್ತದೆ.

ಅಲ್ಲಿಂದಾಚೆ ಹಳಿ ಇಲ್ಲ. 1998ರಿಂದ ಕೊಂಕಣ ರೈಲು ಹೊನ್ನಾವರದ ಮೇಲೆ ಹಾದುಹೋಗುತ್ತಿದೆ. ಎರಡನ್ನೂ ಕೂಡಿಸಿ ಎಂಬ ಬೇಡಿಕೆ ಚುನಾವಣೆಗೊಮ್ಮೆ ಏಳುತ್ತದೆ. ನಡುವೆ ಇರುವುದು ಶರಾವತಿ ಕಣಿವೆ, ಸಿಂಗಳೀಕಗಳ ಕಾಡು. ಭದ್ರಾವತಿಯ ಕುಲುಮೆಗೆ ಎಷ್ಟು ಕಾಡು ಹೋಯಿತೆಂದು ಬಲ್ಲ ನಾವು ಈ ಬೇಡಿಕೆಗೆ ದನಿಗೂಡಿಸಲಾರೆವು. ಹೊನ್ನಾವರಕ್ಕೆ ಹೋಗುವವರು ತಾಳಗುಪ್ಪದಲ್ಲಿ ಇಳಿದು, ಗೇರುಸೊಪ್ಪೆ ಘಾಟಿಯ ಬಸ್ಸು ಹತ್ತಲಿ.