ಎಡೆದೊರೆ ನಾಡಿನ ಜಠರಾಗ್ನಿ: ರಾಯಚೂರು ಸೀಮೆಯ ಆಹಾರ ಮತ್ತು ವೈದ್ಯದ ಚರಿತ್ರೆ

ಹದಿನೆಂಟನೆಯ ಶತಮಾನದಲ್ಲಿ ಮಾನ್ವಿ ಸೀಮೆಯ ಒಬ್ಬ ಪಂಡಿತರಿಗೆ ಬಂದ ಹೊಟ್ಟೆನೋವು ಕನ್ನಡಕ್ಕೆ ಒಂದು ಮಹಾಕೃತಿಯನ್ನು ಕೊಟ್ಟಿತು ಎಂದು ದಾಸ ಪರಂಪರೆ ನಂಬುತ್ತದೆ. ಬ್ಯಾಗವಟ್ಟಿನ ಶ್ರೀನಿವಾಸಾಚಾರ್ಯರು ಸಂಸ್ಕೃತ ವಿದ್ವಾಂಸರು. ಅದೇ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವವರ ಪಂಕ್ತಿಯಲ್ಲಿ ಕೂರಲು ಮನಸ್ಸಾಗದೆ ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪ ನಿಜವಾಯಿತು. ಕೊನೆಗೆ ಅವರನ್ನು ಉಳಿಸಿದವರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿ ಉತ್ತನೂರಿನಲ್ಲಿ ನೆಲೆಸಿದ್ದ ಗೋಪಾಲದಾಸರು. ಧನ್ವಂತರಿ ಮಂತ್ರದಿಂದ ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟು, ತಮ್ಮ ಆಯುಸ್ಸಿನ 40 ವರ್ಷಗಳನ್ನು ಧಾರೆಯೆರೆದರು ಎಂಬುದು ಪ್ರಚಲಿತ ಕಥೆ. ಬದುಕಿ ಉಳಿದ ಶ್ರೀನಿವಾಸಾಚಾರ್ಯರೇ ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು (1728–1809).

ಪವಾಡದ ಮಾತು ಭಕ್ತರಿಗೆ ಇರಲಿ. ಚರಿತ್ರೆಕಾರನ ಕಣ್ಣು ನಿಲ್ಲಬೇಕಾದದ್ದು ರೊಟ್ಟಿಯ ಮೇಲೆ. ಹೊಟ್ಟೆ ಕೆಟ್ಟವನಿಗೆ ಪಥ್ಯವೆಂದು ಈ ಸೀಮೆಯ ಕಥನಕ್ಕೆ ಹೊಳೆದದ್ದು ಅಕ್ಕಿಯ ಗಂಜಿಯಲ್ಲ, ಜೋಳ. ವೈದ್ಯದ ದೇವರು, ಹೊಲದ ಕಾಳು, ಜಠರದ ರೋಗ ಮೂರೂ ಒಂದೇ ತಟ್ಟೆಗೆ ಬಂದಿವೆ. ಆಮೇಲೆ ಜಗನ್ನಾಥದಾಸರು ತಮ್ಮ ಕೃತಿಯಲ್ಲಿ ಭೋಜನ ರಸವಿಭಾಗಕ್ಕೆಂದೇ ಒಂದು ಸಂಧಿಯನ್ನು ಮೀಸಲಿಟ್ಟು, ತಟ್ಟೆಯ ಒಂದೊಂದು ಪದಾರ್ಥದಲ್ಲೂ ಒಂದೊಂದು ಭಗವದ್ರೂಪವನ್ನು ಕಂಡರು.

ಊಟವನ್ನೇ ಮದ್ದಾಗಿ ಕಾಣುವ ಕಲ್ಪನೆಯ ಬೇರು ಆಯುರ್ವೇದದ ಅಗ್ನಿತತ್ತ್ವದಲ್ಲಿದೆ. ಜಠರಾಗ್ನಿ ಒಂದು, ಭೂತಾಗ್ನಿ ಐದು, ಧಾತ್ವಗ್ನಿ ಏಳು, ಒಟ್ಟು 13 ಅಗ್ನಿಗಳನ್ನು ಶಾಸ್ತ್ರ ಹೇಳುತ್ತದೆ. ಜಠರಾಗ್ನಿ ಮಂದವಾದರೆ ಅರೆಬೆಂದ ಅನ್ನರಸ ‘ಆಮ’ವಾಗಿ ಉಳಿದು ಮೈಯೆಲ್ಲ ಕೆಡುತ್ತದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಪಚನ ಕೆಡುವ ಗ್ರಹಣಿರೋಗದ್ದು. ಅದರಲ್ಲಿ ಮಜ್ಜಿಗೆಗೆ ದೊಡ್ಡ ಸ್ಥಾನವಿದೆ. ಇಂದು ಸಕ್ಕರೆ ಕಾಯಿಲೆ ಎನ್ನುವುದನ್ನು ಒಳಗೊಂಡ ‘ಪ್ರಮೇಹ’ವನ್ನು ಶಾಸ್ತ್ರಕಾರರು 20 ಬಗೆಯಾಗಿ ವಿಂಗಡಿಸಿದರು. ಕೂತಲ್ಲೇ ಕೂರುವ ಸುಖ, ಅತಿನಿದ್ದೆ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಇವು ಚರಕ ಪಟ್ಟಿಮಾಡಿದ ಕಾರಣಗಳಲ್ಲಿ ಕೆಲವು.

ಸುಶ್ರುತನ ಪರಿಹಾರ ಇನ್ನೂ ಖಾರ. ರೋಗಿ ಹಣವಂತನಾದರೆ ಶ್ಯಾಮಾಕ, ನೀವಾರದಂಥ ಬಡಧಾನ್ಯ ತಿಂದು ಕಾಡಿನಲ್ಲಿರಬೇಕು. ದಿಕ್ಕಿಲ್ಲದ ಬಡವ ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ, ಒಂದೂರಲ್ಲಿ ಒಂದೇ ರಾತ್ರಿ ತಂಗಿ ನೂರು ಯೋಜನ ನಡೆಯಬೇಕು. ಉಳಿದವರು ಹೊಲ ಉಳಬೇಕು, ಇಲ್ಲವೇ ಬಾವಿ ತೋಡಬೇಕು. ಔಷಧಿಯ ಹೆಸರೇ ಇಲ್ಲದ ಈ ಸಾಲುಗಳು ಕರುಳನ್ನೂ ದುಡಿಮೆಯನ್ನೂ ಬೇರೆಬೇರೆ ಮಾಡಿ ನೋಡಲಿಲ್ಲ.

ಸಂಸ್ಕೃತದ ಈ ತಿಳಿವು ಕನ್ನಡಕ್ಕೆ ಇಳಿದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಆಗ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲ ಎಡೆದೊರೆ ನಾಡು. ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರವೂ ವೈದ್ಯವೂ ಅಕ್ಕಪಕ್ಕದ ವಿಷಯಗಳು. ಅಡುಗೆ ಒಂದು ವಿದ್ಯೆ, ಚಿಕಿತ್ಸೆ ಇನ್ನೊಂದು ಎಂಬ ಗೋಡೆ ಅಲ್ಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಿಸಿದ. ಜೈನನಾದ ಅವನ ಮದ್ದುಗಳಲ್ಲಿ ಮದ್ಯ, ಮಾಂಸ, ಜೇನು ಇರಲಿಲ್ಲ.

ಮುಂದೆ ರಾಯಚೂರು ಕೋಟೆ ಬಹಮನಿ, ವಿಜಯನಗರ, ಆದಿಲ್‌ಶಾಹಿಗಳ ನಡುವೆ ಕೈ ಬದಲಾಯಿಸುತ್ತಲೇ ಇತ್ತು. 1520ರ ಕಾಳಗ ಅದರಲ್ಲಿ ಹೆಸರಾದದ್ದು. ಕತ್ತಿಯ ಜೊತೆಗೆ ಗ್ರಂಥಗಳೂ ಓಡಾಡಿದವು. ಬಿಜಾಪುರದ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ವೈದ್ಯವನ್ನೂ ಬಲ್ಲವನು. ಭಾರತೀಯ ವೈದ್ಯಪದ್ಧತಿಯನ್ನು ಫಾರ್ಸಿ ಓದುಗರಿಗೆ ತಿಳಿಸಲು ಅವನು ‘ದಸ್ತೂರುಲ್ ಅತಿಬ್ಬಾ’ ಬರೆದ. ಯುನಾನಿಗೂ ಪಚನವೇ ಅಡಿಪಾಯ: ಜಠರ, ಯಕೃತ್ತು, ರಕ್ತನಾಳ, ಅಂಗಾಂಗ ಎಂದು ನಾಲ್ಕು ಹಂತಗಳಲ್ಲಿ ಆಹಾರ ಪಾಕವಾಗುತ್ತದೆ ಎಂಬುದು ಹಕೀಮರ ಲೆಕ್ಕ. ಅಗ್ನಿಯ ಸಿದ್ಧಾಂತಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುವಂಥದು. ನಿಜಾಮರ ಆಳ್ವಿಕೆಯಲ್ಲಿ ಯುನಾನಿಗೆ ರಾಜಾಶ್ರಯ ಸಿಕ್ಕಿತು. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು.

ಗ್ರಂಥಗಳ ಆಚೆ ಜನರ ತಟ್ಟೆ ಹೇಗಿತ್ತು? ಎರೆಹೊಲದ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಳಿ, ಮಜ್ಜಿಗೆ. ಬೇಸಿಗೆಗೆ ಹುಳಿ ಬರಿಸಿದ ಅಂಬಲಿ. ಹೊಟ್ಟಿ ಉಬ್ಬರಿಸಿದರೆ ಓಮಕಾಳು, ಜೀರಿಗಿ. ಸಿಹಿಮೂತ್ರದ ಬ್ಯಾನಿಗೆ ಮೆಂತ್ಯ, ನೇರಳೆಬೀಜ, ಒಣಭೂಮಿಯಲ್ಲಿ ಹಳದಿ ಹೂ ಬಿಡುವ ತಂಗಡಿ. ಜೋಳದ ಪ್ರೋಟೀನು ಪಿಷ್ಟದ ಕಣಗಳನ್ನು ಸುತ್ತಿಕೊಂಡಿರುವುದರಿಂದ ಪಿಷ್ಟ ಬೇಗ ಕರಗುವುದಿಲ್ಲ. ಕರಗದೆ ದೊಡ್ಡಕರುಳಿಗೆ ಇಳಿದ ಪಾಲನ್ನು ಅಲ್ಲಿನ ಸೂಕ್ಷ್ಮಜೀವಿಗಳು ಬ್ಯುಟಿರೇಟ್‌ನಂಥ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಇದೇ ಮುಖ್ಯ ಇಂಧನ.

ಹಾಗೆಂದು ಜೋಳವನ್ನು ಅಮೃತವೆಂದು ಹೊಗಳಿದರೆ ಚರಿತ್ರೆ ಒಪ್ಪುವುದಿಲ್ಲ. ಹೈದರಾಬಾದಿನ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ದಖನ್ನಿನ ಜೋಳ ತಿನ್ನುವ ಬಡವರಲ್ಲಿ ಕಂಡ ಪೆಲ್ಲಾಗ್ರಾ ರೋಗವನ್ನು ಆ ಕಾಳಿನಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶದೊಂದಿಗೆ ತಳುಕು ಹಾಕಿದರು. ಚರ್ಮ ಸುಡುವುದು, ಭೇದಿ, ಬುದ್ಧಿಭ್ರಮಣೆ ಆ ರೋಗದ ಲಕ್ಷಣಗಳು. ಬ್ಯಾಳಿ, ಹಾಲು, ಕಾಯಿಪಲ್ಯ ಇಲ್ಲದ ಬರೀ ರೊಟ್ಟಿ ಹೊಟ್ಟೆಯನ್ನು ಕಾಯಲಿಲ್ಲ. ಆರೋಗ್ಯ ಇದ್ದದ್ದು ಇಡೀ ತಟ್ಟೆಯಲ್ಲಿ.

ಆ ತಟ್ಟೆಯನ್ನು ಬದಲಿಸಿದ್ದು ಕಾಲುವೆ. 1953ರಲ್ಲಿ ತುಂಗಭದ್ರಾ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಸಿಂಧನೂರು, ಮಾನ್ವಿ ಭಾಗಕ್ಕೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಎರೆಹೊಲ ಭತ್ತದ ಗದ್ದೆಯಾಯಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ತಲುಪಿದ್ದು ದಶಕಗಳ ನಂತರ. ಅಲ್ಲಿಯೂ ನೀರು ಬಂದಲ್ಲಿ ಭತ್ತ ಬಂತು. ಪಡಿತರದ ಅಕ್ಕಿ ಉಳಿದ ಕೆಲಸ ಮುಗಿಸಿತು. ಹಸಿವು ತಗ್ಗಿದ್ದು ಸಣ್ಣ ಮಾತಲ್ಲ. ಆದರೆ ಹಬ್ಬದ ಅನ್ನ ನಿತ್ಯದ ಊಟವಾಯಿತು, ಟ್ರ್ಯಾಕ್ಟರ್ ಬಂದು ಮೈಮುರಿವ ದುಡಿಮೆಯೂ ಇಳಿಯಿತು. ಚರಕ ಪಟ್ಟಿಮಾಡಿದ ಕಾರಣಗಳು ಹೀಗೆ ಒಂದೊಂದಾಗಿ ಕೂಡಿಬಂದವು.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಈ ಹೊತ್ತಿನಲ್ಲಿ ಪರಂಪರೆಯ ಯಾವ ಭಾಗ ಪರೀಕ್ಷೆಗೆ ನಿಂತಿದೆ ಎಂದು ಕೇಳುವುದು ನ್ಯಾಯ. ಹೈದರಾಬಾದಿನ ಪಕ್ಕದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಮುಂದಾಳತ್ವದ 2021ರ ವಿಶ್ಲೇಷಣೆ 11 ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿತು. ಜೋಳವೂ ಸೇರಿದ ಸಿರಿಧಾನ್ಯಗಳನ್ನು ನಿತ್ಯ ಉಂಡ ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಶೇ. 12ರಿಂದ 15ರಷ್ಟು ಇಳಿದಿತ್ತು. ಮೆಂತ್ಯದ ಮೇಲೆ ಪೋಷಣ ಸಂಸ್ಥೆ ನಡೆಸಿ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಸಕ್ಕರೆ ಇಳಿಯಿತು. ಆದರೆ ಕೊಟ್ಟ ಪುಡಿ ದಿನಕ್ಕೆ 100 ಗ್ರಾಂ, ಒಗ್ಗರಣೆಯ ಚಿಟಿಕೆಯಲ್ಲ. ಪ್ರಮೇಹದ ಯೋಗಗಳಲ್ಲಿ ಬರುವ ಮರದರಿಶಿನದ ಸಾರ ಬರ್ಬರಿನ್ ಕರುಳಿನ ಸೂಕ್ಷ್ಮಜೀವಿಗಳ ಮೂಲಕವೂ ಕೆಲಸ ಮಾಡುತ್ತದೆ ಎಂದು 2020ರ ಚೀನೀ ಪ್ರಯೋಗ ತೋರಿಸಿದೆ. ಇವು ಸಂಶೋಧನೆಗೆ ದಾರಿ, ಗುಳಿಗೆ ಬಿಡಲು ಸಮರ್ಥನೆಯಲ್ಲ.

ಒಟ್ಟಾರೆ, ಪರಂಪರೆ ಗಟ್ಟಿಯಾಗಿ ನಿಂತಿರುವುದು ಕಷಾಯದಲ್ಲಿ ಅಲ್ಲ. ಊಟ ಮತ್ತು ದುಡಿಮೆಯ ಬಗೆಗಿನ ಅದರ ತಿಳಿವಿನಲ್ಲಿ. ಆದರೆ ಈ ತಿಳಿವನ್ನು ಇದೇ ನೆಲದ ಜನರಲ್ಲಿ ಅಳೆದು ನೋಡಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ರಾಯಚೂರು ನಗರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೆ, 2009ರಿಂದ ಕೃಷಿ ವಿಶ್ವವಿದ್ಯಾಲಯವೂ ಇದೆ. ಕಾಲುವೆ ಮೊದಲು ಬಂದ ಮಾನ್ವಿ, ತಡವಾಗಿ ಬಂದ ದೇವದುರ್ಗ ಎರಡರ ಊಟವನ್ನೂ ರಕ್ತಪರೀಕ್ಷೆಯನ್ನೂ ಇವೆರಡು ಸಂಸ್ಥೆಗಳು ಒಟ್ಟಿಗೆ ಕೂತು ಅಧ್ಯಯನ ಮಾಡಲಿ; ಫಲಿತಾಂಶ ಬರುವವರೆಗೆ ಪಡಿತರದಲ್ಲಿ ಅಕ್ಕಿಯ ಜೊತೆ ಜೋಳವೂ ಬ್ಯಾಳಿಯೂ ತಪ್ಪದೆ ಸಿಗುವಂತೆ ಸರ್ಕಾರ ನೋಡಿಕೊಳ್ಳಲಿ.